ಲೈನು ಕಡಿದಿದೆ, ಮೋಟಾರು ಸುಟ್ಟಿಲ್ಲ



"ಕರೆಂಟ್ ಕೊಟ್ರೆ ಕಾಲು ಬರ್ತದಾ ಮೇಡಂ?"

ಬೆನ್ನುಹುರಿಗೆ ಪೆಟ್ಟಾದವರನ್ನು ಫಿಸಿಯೋಥೆರಪಿ ಕೋಣೆಗೆ ಕರೆತಂದ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಕೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ. ಮೇಜಿನ ಮೇಲಿರುವ ಸಣ್ಣ ಯಂತ್ರವನ್ನು, ಅದರಿಂದ ಇಳಿಬಿದ್ದ ವೈರುಗಳನ್ನು ನೋಡುತ್ತಿರುತ್ತಾರೆ. ಊರಿನಲ್ಲಿ ಯಾರೋ ಹೇಳಿರುತ್ತಾರೆ, ಅಲ್ಲಿ ಕರೆಂಟ್ ಕೊಡ್ತಾರಂತೆ, ಇಂಥವರ ಕೈ ಸರಿಹೋಯ್ತಂತೆ ಎಂದು. ಬಸ್ಸಿಗೆ, ಬಾಡಿಗೆ ಜೀಪಿಗೆ ಹಣ ಹೊಂದಿಸಿ ಬಂದಿರುತ್ತಾರೆ. "ಬರ್ತದೆ" ಎಂದರೆ ಸುಳ್ಳು. "ಬರೋಲ್ಲ" ಎಂದು ಅಲ್ಲಿಗೇ ಬಿಟ್ಟರೆ ಅದೂ ಅರ್ಧ ಸುಳ್ಳೇ. ಆ ಉಳಿದರ್ಧ ಏನು ಎಂದು ಹೇಳಲು ಇವತ್ತು ನಿಮ್ಮ ಸ್ವಲ್ಪ ಸಮಯ ಕೇಳುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಒಬ್ಬರು ನೆನಪಾಗುತ್ತಾರೆ. ಹೆಸರು ಬೇಡ. ನಲವತ್ತು ದಾಟಿದ ವಯಸ್ಸು, ಮರ ಹತ್ತುವುದೇ ಕಸುಬು. ಆಷಾಢದ ಮಳೆಯಲ್ಲಿ ಅಡಕೆಗೆ ಕೊಳೆ ಔಷಧಿ ಹೊಡೆಯಲು ಹತ್ತಿದವರು ಪಾಚಿಗಟ್ಟಿದ ಮರದಿಂದ ಜಾರಿದರು. ಎದೆಬೆನ್ನಿನ ಹತ್ತನೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು, ರಾಡು, ಸ್ಕ್ರೂ ಹಾಕಿದರು. ಸೊಂಟದಿಂದ ಕೆಳಗೆ ಸ್ವಾಧೀನ ಬರಲಿಲ್ಲ. ಆರು ತಿಂಗಳ ಮೇಲೆ ನನ್ನ ಹತ್ತಿರ ಬಂದಾಗ ಅವರ ತೊಡೆ ನನ್ನ ತೋಳಿನಷ್ಟಿತ್ತು. ಅಡಕೆ ಮರವನ್ನು ತಬ್ಬಿ ಏರಿದ ತೊಡೆ ಅದು.

ಮಂಡಿಯ ಮೇಲೆ, ತೊಡೆಯ ಮುಂಭಾಗದಲ್ಲಿ, ಎರಡು ಅಂಟುವ ಪ್ಯಾಡ್ ಇಟ್ಟೆ. ಯಂತ್ರದ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದೆ. ಮೊದಲು ಚರ್ಮದಡಿಯಲ್ಲಿ ಸಣ್ಣ ಮಿಡಿತ. ಇನ್ನೊಂದಿಷ್ಟು ತಿರುಗಿಸಿದಾಗ ಸ್ನಾಯು ಗಂಟು ಕಟ್ಟಿತು, ಮಂಡಿಚಿಪ್ಪು ಮೇಲಕ್ಕೆ ಸರಿಯಿತು, ಪಾದ ನೆಲ ಬಿಟ್ಟು ಒಂದು ಗೇಣು ಎದ್ದಿತು. ಅವರ ಹೆಂಡತಿ ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟು ಕುರ್ಚಿಯ ಹಿಡಿ ಹಿಡಿದುಕೊಂಡರು. ಗಂಡ ಮಾತ್ರ ತಮ್ಮ ಎದ್ದ ಕಾಲನ್ನು ಬೇರೆಯವರ ಕಾಲನ್ನು ನೋಡುವ ಹಾಗೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ಸತ್ತಿಲ್ವಾ?"

ಸತ್ತಿರಲಿಲ್ಲ. ಹೇಗೆ ಎಂಬುದನ್ನು ನಮ್ಮ ರೈತರಿಗೆ ವಿವರಿಸುವುದು ಕಷ್ಟವಿಲ್ಲ. ತೋಟದ ಪಂಪ್‌ಸೆಟ್ ನಿಂತಿದೆ ಎನ್ನಿ. ಕಾರಣ ಎರಡಿರಬಹುದು. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಲೈನು ಎಲ್ಲೋ ಕಡಿದು ಬಿದ್ದಿರಬಹುದು, ಇಲ್ಲವೇ ಮೋಟಾರಿನ ವೈಂಡಿಂಗೇ ಸುಟ್ಟಿರಬಹುದು. ಎರಡರಲ್ಲೂ ನೀರು ಬರುವುದಿಲ್ಲ. ಆದರೆ ಲೈನು ಮಾತ್ರ ಕಡಿದಿದ್ದರೆ ಒಂದು ಜನರೇಟರ್ ತಂದು ಜೋಡಿಸಿದರೆ ಮೋಟಾರು ತಿರುಗುತ್ತದೆ. ಮಿದುಳಿನಿಂದ ಬೆನ್ನುಹುರಿಯಲ್ಲಿ ಇಳಿದು ಬರುವ ನರ ಆ ಲೈನು. ಬೆನ್ನುಹುರಿಯ ಕೆಳಭಾಗದಿಂದ ಹೊರಟು ತೊಡೆಯ ಸ್ನಾಯುವನ್ನು ಮುಟ್ಟುವ ಇನ್ನೊಂದು ನರವೂ ಸ್ನಾಯುವೂ ಸೇರಿ ಆ ಮೋಟಾರು. ಎದೆಬೆನ್ನಿನ ಮಟ್ಟದಲ್ಲಿ ಪೆಟ್ಟಾದಾಗ ಸಾಮಾನ್ಯವಾಗಿ ಲೈನು ಕಡಿಯುತ್ತದೆ, ಕೆಳಗಿನ ಮೋಟಾರು ಉಳಿಯುತ್ತದೆ. ಅಂಥವರ ಕಾಲು ತಾನಾಗಿ ಅದುರುವುದನ್ನು, ಸೆಟೆದು ನಿಲ್ಲುವುದನ್ನು ಮನೆಯವರು ನೋಡಿರುತ್ತಾರೆ, ನೋಡಿ ಹೆದರಿರುತ್ತಾರೆ. ಆ ಅದುರುವಿಕೆಯೇ ಮೋಟಾರು ಉಳಿದಿದೆ ಎಂಬುದರ ಗುರುತು.

ಯಂತ್ರ ಕೊಡುವ ಕರೆಂಟು ನೇರವಾಗಿ ಸ್ನಾಯುವನ್ನು ಎಳೆಯುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಸ್ನಾಯುವಿನೊಳಗೆ ಹರಡಿರುವ ನರದ ಎಳೆಗಳನ್ನು ತಟ್ಟುತ್ತದೆ, ಏಕೆಂದರೆ ಸ್ನಾಯುವಿಗಿಂತ ನರ ಬಹಳ ಕಡಿಮೆ ಕರೆಂಟಿಗೆ ಎಚ್ಚರಗೊಳ್ಳುತ್ತದೆ. ಒಂದೊಂದು ಮಿಡಿತದ ಅವಧಿ ಸೆಕೆಂಡಿನ ಹತ್ತು ಸಾವಿರದಲ್ಲಿ ಮೂರು ನಾಲ್ಕು ಪಾಲು ಮಾತ್ರ. ಸೆಕೆಂಡಿಗೆ 20ರಿಂದ 50 ಮಿಡಿತ. ಬಿಡಿ ಮಿಡಿತ ಕೊಟ್ಟರೆ ಸ್ನಾಯು ಜಿಗಿದು ಬೀಳುತ್ತದೆ, ಅಷ್ಟು ದಟ್ಟವಾಗಿ ಕೊಟ್ಟಾಗ ಜಿಗಿತಗಳೆಲ್ಲ ಕೂಡಿಕೊಂಡು ಒಂದು ನಯವಾದ ಬಿಗಿತವಾಗುತ್ತದೆ. ಇದಕ್ಕೆ ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್, ಚಿಕ್ಕದಾಗಿ ಎಫ್‌ಇಎಸ್ ಎಂದು ಹೆಸರು. ಗೋಡೆಯ ಪ್ಲಗ್ಗಿನ ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಯಾರೂ ಯಾವ ವೈರನ್ನೂ ಮೈಗೆ ಜೋಡಿಸುವ ಪ್ರಯೋಗ ಮಾಡಬಾರದು. ಇದನ್ನು ರೇಡಿಯೋದಲ್ಲಿ ಹೇಳಬೇಕೇ ಎಂದು ನಿಮಗನ್ನಿಸಬಹುದು. ಹೇಳಲೇಬೇಕು.

ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗ್ಯಾಲ್ವಾನಿ ಕಪ್ಪೆಯ ಕಾಲು ವಿದ್ಯುತ್ತಿಗೆ ಜಿಗಿಯುವುದನ್ನು ಕಂಡು 1791ರಲ್ಲಿ ಬರೆದು ಪ್ರಕಟಿಸಿದ ಕಥೆ ಶಾಲೆಯಲ್ಲಿ ಓದಿರುತ್ತೀರಿ. ಆ ಜಿಗಿತ ಮನುಷ್ಯರ ಕೆಲಸಕ್ಕೆ ಬರಲು ನೂರೆಪ್ಪತ್ತು ವರ್ಷ ಹಿಡಿಯಿತು. ಪಾರ್ಶ್ವವಾಯುವಾಗಿ ಪಾದ ಜೋತುಬಿದ್ದವರಿಗೆ ಅಮೆರಿಕದ ವ್ಲಾಡಿಮಿರ್ ಲಿಬರ್ಸನ್ 1961ರಲ್ಲಿ ಒಂದು ಸಾಧನ ಮಾಡಿದರು. ಚಪ್ಪಲಿಯಡಿ ಒಂದು ಸ್ವಿಚ್ಚು. ಹಿಮ್ಮಡಿ ಎತ್ತಿದೊಡನೆ ಮಂಡಿಯ ಪಕ್ಕದ ನರಕ್ಕೆ ಕರೆಂಟು ಹೋಗಿ ಪಾದ ಮೇಲೇಳುತ್ತಿತ್ತು. ಅಲ್ಲಿಂದ ಇಪ್ಪತ್ತೆರಡು ವರ್ಷಕ್ಕೆ, 1983ರ ಜೂನ್‌ನಲ್ಲಿ, ಒಹಾಯೋ ರಾಜ್ಯದ ಡೇಟನ್ ಊರಿನ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ನ್ಯಾನ್ ಡೇವಿಸ್ ಎಂಬ ವಿದ್ಯಾರ್ಥಿನಿ ಗಾಲಿಕುರ್ಚಿಯಿಂದ ಎದ್ದು ಕೆಲವು ಹೆಜ್ಜೆ ಇಟ್ಟು ತನ್ನ ಪದವಿ ಪಡೆದಳು. ಕಾರು ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡಿದ್ದವಳು. ಹೆಜ್ಜೆ ಇಡಿಸಿದ್ದು ಜೆರಾಲ್ಡ್ ಪೆಟ್ರೋಫ್‌ಸ್ಕಿ ಎಂಬ ಸಂಶೋಧಕರ ಕಂಪ್ಯೂಟರು. ಜಗತ್ತೇ ಆ ಚಿತ್ರ ನೋಡಿತು, ಆ ಕಥೆಯನ್ನು ಟೆಲಿವಿಷನ್ ಸಿನಿಮಾ ಮಾಡಿದರು.

ನಾನು ಆ ಹುಡುಗಿಯ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೂ ಆ ಕೆಲವು ಹೆಜ್ಜೆಗಳು ನಮ್ಮೆಲ್ಲರ ಕಣ್ಣನ್ನು ತಪ್ಪು ಕಡೆ ತಿರುಗಿಸಿದವು ಎಂದೂ ನನಗನ್ನಿಸುತ್ತದೆ. ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ವರ್ಷಗಳಲ್ಲಿ, ರೋಜರ್ ಗ್ಲೇಸರ್ ಮತ್ತು ಸಂಗಡಿಗರು ಕರೆಂಟಿನಿಂದ ಕಾಲಿಗೆ ವ್ಯಾಯಾಮ ಕೊಡಿಸುವ ಕೆಲಸದಲ್ಲಿ ತೊಡಗಿದ್ದರು. ಅಲ್ಲಿಂದ ಸ್ವಾಧೀನವಿಲ್ಲದ ಕಾಲು ತುಳಿಯುವ ಸೈಕಲ್ ಬೆಳೆದು ಬಂತು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕರೆಂಟಿನ ನಡಿಗೆ ಪ್ರಯೋಗಾಲಯದ ಬಾಗಿಲು ದಾಟಿ ಮನೆಮನೆಗೆ ಬರಲಿಲ್ಲ. ಸೈಕಲ್ ಬಂತು.

ಕಾಲು ಇರುವುದು ನಡೆಯಲಿಕ್ಕೆ ಮಾತ್ರ ಎಂದು ನಾವೆಲ್ಲ ತಿಳಿದಿದ್ದೇವೆ. ನಡೆಯದ ಕಾಲು ಭಾರ ಎನ್ನುವ ಮಾತನ್ನು ರೋಗಿಗಳ ಬಾಯಲ್ಲೇ ಕೇಳಿದ್ದೇನೆ. ಆದರೆ ಮೈಯಲ್ಲಿರುವ ದೊಡ್ಡ ಸ್ನಾಯುಗಳೆಲ್ಲ ಇರುವುದು ತೊಡೆಯಲ್ಲಿ, ಪೃಷ್ಠದಲ್ಲಿ. ಊಟದ ಮೇಲೆ ರಕ್ತ ಸೇರಿದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರಬೇಕಾದ ಉಗ್ರಾಣ ಸ್ನಾಯು. ಮೀನಖಂಡ ಬಿಗಿದು ಸಡಿಲಾಗುವಾಗಲೆಲ್ಲ ಕಾಲಿಗಿಳಿದ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ಒತ್ತುತ್ತದೆ. ಪೃಷ್ಠದ ಮಾಂಸ ಕೂರುವ ಮೂಳೆಗೂ ಚರ್ಮಕ್ಕೂ ನಡುವಿನ ಮೆತ್ತೆ. ಬೆನ್ನುಹುರಿಗೆ ಪೆಟ್ಟಾದವರು ಕಳೆದುಕೊಳ್ಳುವುದು ನಡಿಗೆಯೊಂದನ್ನೇ ಅಲ್ಲ, ಇದೆಲ್ಲವನ್ನೂ. ತೊಡೆಯ ಸ್ನಾಯು ಮೊದಲ ಆರು ತಿಂಗಳಲ್ಲೇ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಸಕ್ಕರೆ ಹೋಗಿ ಸೇರಲು ಜಾಗವಿಲ್ಲದೆ ರಕ್ತದಲ್ಲೇ ಸುತ್ತುತ್ತದೆ. ಮಂಡಿಯ ಸುತ್ತಲಿನ ಮೂಳೆ ಕೆಲವೇ ವರ್ಷಗಳಲ್ಲಿ ತನ್ನ ಒಳತಿರುಳಿನ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಮಂಚದಿಂದ ಗಾಲಿಕುರ್ಚಿಗೆ ಜರುಗುವಾಗ ಕಾಲು ಸ್ವಲ್ಪ ತಿರುಚಿಕೊಂಡರೂ ಸಾಕು, ಮೂಳೆ ಮುರಿಯುತ್ತದೆ. ನೋವಿಲ್ಲವಾದ್ದರಿಂದ ಮುರಿದದ್ದು ಗೊತ್ತೇ ಆಗುವುದಿಲ್ಲ, ಸಂಜೆ ಕಾಲು ಊದಿದಾಗ ಮನೆಯವರು ನೋಡುತ್ತಾರೆ.

ಇನ್ನು ಹೃದಯ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬೆನ್ನುಹುರಿ ಕಡಿದವರು ಬಹುಕಾಲ ಬದುಕುತ್ತಿರಲಿಲ್ಲ. ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಕೊಲ್ಲುತ್ತಿದ್ದವು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಡಾ. ಲುಡ್ವಿಗ್ ಗುಟ್ಮನ್ ಅಂಥವರಿಗೆಂದೇ ಒಂದು ವಿಭಾಗ ತೆರೆದು, ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವ ಶಿಸ್ತು ತಂದು, ಅವರ ಕೈಗೆ ಬಿಲ್ಲುಬಾಣ ಕೊಟ್ಟರು. 1948ರಲ್ಲಿ 16 ಜನ ಗಾಲಿಕುರ್ಚಿಯಲ್ಲಿ ಕೂತು ಬಾಣ ಬಿಟ್ಟದ್ದೇ ಇವತ್ತಿನ ಪ್ಯಾರಾಲಿಂಪಿಕ್ಸ್‌ನ ಬೀಜ. ಆಯುಸ್ಸು ಬೆಳೆಯಿತು. ಬೆಳೆದ ಮೇಲೆ ಬೇರೆ ಶತ್ರುಗಳು ಬಂದರು: ಹೃದಯದ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಸಕ್ಕರೆ. ಹುಣ್ಣಿನಿಂದ ಪಾರಾದವರನ್ನು ಈಗ ಕೂತು ಕೂತು ಬರುವ ಕಾಯಿಲೆಗಳಿಂದ ಪಾರು ಮಾಡಬೇಕಾಗಿದೆ.

ಕೈಯಿಂದ ವ್ಯಾಯಾಮ ಮಾಡಬಹುದಲ್ಲ ಎಂದು ಕೇಳುತ್ತೀರಿ. ಮಾಡಲೇಬೇಕು. 2018ರಲ್ಲಿ ಅನೇಕ ದೇಶಗಳ ತಜ್ಞರು ಕೂಡಿ ಹೇಳಿದ ಅಳತೆ ಇದು: ವಾರಕ್ಕೆ ಎರಡು ದಿನವಾದರೂ 20 ನಿಮಿಷ ಉಸಿರೇರುವಂಥ ವ್ಯಾಯಾಮ, ಜತೆಗೆ ಎರಡು ದಿನ ಭಾರ ಎತ್ತುವುದು, ಹೃದಯಕ್ಕೂ ಸಕ್ಕರೆಗೂ ಒಳಿತಾಗಬೇಕಾದರೆ ವಾರಕ್ಕೆ ಮೂರು ದಿನ 30 ನಿಮಿಷ. ಆದರೆ ತೋಳಿನ ಸ್ನಾಯು ಸಣ್ಣದು. ಹೃದಯಕ್ಕೆ ಪೂರಾ ಕೆಲಸ ಹಚ್ಚುವ ಮೊದಲೇ ತೋಳು ಸೋಲುತ್ತದೆ. ಗಾಲಿ ತಳ್ಳಿ ತಳ್ಳಿ ಭುಜದ ಕೀಲು ಮೊದಲೇ ಸವೆದಿರುತ್ತದೆ, ಅದಕ್ಕೆ ಇನ್ನಷ್ಟು ಹೊರಿಸಿದರೆ ಮಂಚದಿಂದ ಕುರ್ಚಿಗೆ ಹೋಗಲು ಇರುವ ಒಂದೇ ಆಸರೆಯೂ ಕೈಕೊಡುತ್ತದೆ. ಹೀಗಿರುವಾಗ ಮೈಯ ಅತಿ ದೊಡ್ಡ ಸ್ನಾಯುಗಳು ಕೆಲಸವಿಲ್ಲದೆ ಬಿದ್ದಿವೆ. ಅವನ್ನು ದುಡಿಸುವ ದಾರಿಯೇ ಈ ಕರೆಂಟು.

ಸೈಕಲ್ ಹೇಗಿರುತ್ತದೆ ಹೇಳುತ್ತೇನೆ. ಗಾಲಿಕುರ್ಚಿಯಲ್ಲೇ ಕೂತು ಪಾದಗಳನ್ನು ಪೆಡಲಿಗೆ ಕಟ್ಟುತ್ತಾರೆ. ಎರಡೂ ಕಾಲಿಗೆ ತೊಡೆಯ ಮುಂಭಾಗ, ತೊಡೆಯ ಹಿಂಭಾಗ, ಪೃಷ್ಠ, ಹೀಗೆ ಮೂರು ಮೂರು ಕಡೆ ಪ್ಯಾಡ್. ಪೆಡಲು ಯಾವ ಕೋನದಲ್ಲಿದೆ ಎಂಬುದನ್ನು ಯಂತ್ರ ಗಮನಿಸುತ್ತ, ಯಾವ ಸ್ನಾಯುವಿಗೆ ಯಾವ ಕ್ಷಣ ಕರೆಂಟು ಎಂದು ಲೆಕ್ಕ ಹಾಕುತ್ತದೆ. ಬಲಗಾಲು ಮುಂದಕ್ಕೆ ಒತ್ತುವಾಗ ಎಡಗಾಲು ಹಿಂದಕ್ಕೆಳೆಯುತ್ತದೆ. ಮೊದಲು ಒಂದು ಸಣ್ಣ ಮೋಟಾರು ಕಾಲುಗಳನ್ನು ಸುಮ್ಮನೆ ತಿರುಗಿಸುತ್ತದೆ, ಮೈ ಬೆಚ್ಚಗಾದ ಮೇಲೆ ಸ್ನಾಯುಗಳೇ ವಹಿಸಿಕೊಳ್ಳುತ್ತವೆ.

ಮೊದಲ ದಿನ ನಾಲ್ಕೈದು ನಿಮಿಷಕ್ಕೇ ಕಾಲು ಸೋಲುತ್ತದೆ. ಇದನ್ನು ಕಂಡು ಕೈಬಿಟ್ಟವರಿದ್ದಾರೆ, ಆದ್ದರಿಂದ ಸೋಲುವ ಕಾರಣವನ್ನು ಬಿಡಿಸಿ ಹೇಳಬೇಕು. ನಮ್ಮ ಮಿದುಳು ಒಳ್ಳೆಯ ಮೇಸ್ತ್ರಿ. ನಾಟಿ ಗದ್ದೆಗೆ ಇಪ್ಪತ್ತು ಆಳಿದ್ದರೆ ಇಪ್ಪತ್ತೂ ಜನರನ್ನು ಒಂದೇ ಸಲ ಇಳಿಸುವುದಿಲ್ಲ. ಮೊದಲು ನಿಧಾನವಾದರೂ ದಿನವಿಡೀ ದಣಿಯದವರನ್ನು ಇಳಿಸುತ್ತದೆ, ಭಾರ ಹೆಚ್ಚಿದಂತೆ ಬಲಿಷ್ಠರನ್ನು ಕರೆಯುತ್ತದೆ, ಒಬ್ಬರು ಬೆನ್ನು ನೆಟ್ಟಗೆ ಮಾಡಿಕೊಳ್ಳುವಾಗ ಇನ್ನೊಬ್ಬರು ಬಗ್ಗಿರುತ್ತಾರೆ. ಸ್ನಾಯುವಿನ ಎಳೆಗಳಲ್ಲಿ ಈ ಸರದಿ ಇದೆಯೆಂದು ತೋರಿಸಿಕೊಟ್ಟವರು ಎಲ್‌ವುಡ್ ಹೆನ್ನೆಮನ್. ಹೊರಗಿನಿಂದ ಕೊಟ್ಟ ಕರೆಂಟಿಗೆ ಈ ವಿವೇಕವಿಲ್ಲ. ಪ್ಯಾಡಿನ ಅಡಿ ಸಿಕ್ಕ ಎಳೆಗಳನ್ನೆಲ್ಲ ಒಟ್ಟಿಗೆ ಎಬ್ಬಿಸುತ್ತದೆ, ಸೆಕೆಂಡಿಗೆ ನಲವತ್ತು ಸಲ ಅದದೇ ಎಳೆಗಳನ್ನು ಎಬ್ಬಿಸುತ್ತದೆ, ಯಾರಿಗೂ ಬಿಡುವಿಲ್ಲ. ಮೇಲಾಗಿ ತಿಂಗಳುಗಟ್ಟಲೆ ಕೆಲಸವಿಲ್ಲದ ಸ್ನಾಯು ತನ್ನ ಗುಣವನ್ನೇ ಬದಲಿಸಿಕೊಂಡಿರುತ್ತದೆ. ದಣಿಯದ ಎಳೆಗಳು ಕಡಿಮೆಯಾಗಿ ಬೇಗ ದಣಿಯುವ ಎಳೆಗಳು ಹೆಚ್ಚಿರುತ್ತವೆ. ವಾರಕ್ಕೆ ಮೂರು ದಿನದಂತೆ ಬಿಡದೆ ಮಾಡಿದರೆ ಕೆಲವು ತಿಂಗಳಲ್ಲಿ ನಾಲ್ಕು ನಿಮಿಷ ಮೂವತ್ತಾಗುತ್ತದೆ. ಸ್ನಾಯು ತನ್ನ ಹಳೆಯ ಗುಣದ ಕಡೆಗೆ ಮರಳುತ್ತ ಬರುತ್ತದೆ.

ಇಷ್ಟೆಲ್ಲ ಮಾಡಿ ಆ ಕಾಲುಗಳು ಪೆಡಲಿಗೆ ಹಾಕುವ ಬಲ ಹೆಚ್ಚಿನವರಲ್ಲಿ 10ರಿಂದ 20 ವ್ಯಾಟ್ ಮಾತ್ರ, ನಮ್ಮ ಜಗಲಿಯ ಎಲ್‌ಇಡಿ ಬಲ್ಬಿನಷ್ಟು. ಕೇಳಿದರೆ ಬೇಸರವಾಗಬೇಕು. ಆದರೆ ಇಲ್ಲೇ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಅಷ್ಟು ಬಲ ಹುಟ್ಟಿಸಲು ಆ ಮೈ ಸುಡುವ ಆಮ್ಲಜನಕ, ಕಾಲು ನೆಟ್ಟಗಿರುವವರು ಅಷ್ಟೇ ಬಲಕ್ಕೆ ಸುಡುವುದಕ್ಕಿಂತ ಎಷ್ಟೋ ಹೆಚ್ಚು. ಕರೆಂಟಿನ ದುಡಿಮೆ ದುಂದಿನ ದುಡಿಮೆ. ಊರು ಸುತ್ತಬೇಕಾದವರಿಗೆ ಅದು ನಷ್ಟ, ಹೃದಯಕ್ಕೆ ಕೆಲಸ ಬೇಕಾದವರಿಗೆ ಅದೇ ಲಾಭ. ಉಸಿರು ಏರುತ್ತದೆ, ನಾಡಿ ಏರುತ್ತದೆ, ಹಣೆಯಲ್ಲಿ ಬೆವರು ಕಾಣುತ್ತದೆ. ಅಪಘಾತದ ನಂತರ ಮೊದಲ ಸಲ ದಣಿವಾಯಿತು ಎಂದು ಸಂತೋಷದಿಂದ ಹೇಳಿದವರನ್ನು ನೋಡಿದ್ದೇನೆ.

ಮೂಳೆಯ ವಿಷಯದಲ್ಲಿ ಡೆನ್ಮಾರ್ಕಿನಿಂದ 1997ರಲ್ಲಿ ಬಂದ ಒಂದು ಅಧ್ಯಯನವನ್ನು ಹೇಳದೆ ಇರಲಾರೆ. ಬೆನ್ನುಹುರಿ ಪೆಟ್ಟಾದ ಹತ್ತು ಜನ ಒಂದು ವರ್ಷ, ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ ಈ ಸೈಕಲ್ ತುಳಿದರು. ಮಂಡಿಯ ಕೆಳಗಿನ ಮೂಳೆಯ ಸಾಂದ್ರತೆ ಸುಮಾರು 10% ಹೆಚ್ಚಿತು. ಆಮೇಲೆ ಆರು ತಿಂಗಳು ವಾರಕ್ಕೆ ಒಂದೇ ದಿನಕ್ಕೆ ಇಳಿಸಿದರು. ಗಳಿಸಿದ್ದೆಲ್ಲ ಹೋಯಿತು. ಈ ಎರಡನೆಯ ಭಾಗವನ್ನು ನಾನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಇದು ಹತ್ತು ಸಿಟಿಂಗ್ ಮುಗಿಸಿ ಮನೆಗೆ ಹೋಗುವ ಚಿಕಿತ್ಸೆಯಲ್ಲ, ಸ್ನಾನ ಊಟದ ಹಾಗೆ.

ಸೂಪರ್‌ಮ್ಯಾನ್ ಪಾತ್ರದ ನಟ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ವರ್ಷಗಟ್ಟಲೆ ಈ ಸೈಕಲನ್ನೂ ಬೇರೆ ವ್ಯಾಯಾಮಗಳನ್ನೂ ಮಾಡಿದರು. ಐದಾರು ವರ್ಷದ ಮೇಲೆ ಕೆಲವು ಚಲನೆ, ಸ್ವಲ್ಪ ಸ್ಪರ್ಶ ಮರಳಿತು ಎಂದು ಅವರ ವೈದ್ಯರು 2002ರಲ್ಲಿ ವರದಿ ಮಾಡಿದರು. ಒಬ್ಬರಲ್ಲಿ ಕಂಡದ್ದು ಎಲ್ಲರಲ್ಲೂ ಕಾಣುತ್ತದೆ ಎನ್ನಲಾಗದು, ಅದು ಸೈಕಲಿನಿಂದಲೇ ಬಂತೆಂದೂ ಹೇಳಲಾಗದು. ಈ ಕಥೆಯನ್ನು ತೋರಿಸಿ ಯಂತ್ರ ಮಾರುವವರನ್ನು ನಾನು ಒಪ್ಪುವುದಿಲ್ಲ. ಬೆನ್ನುಹುರಿಯ ಮೇಲೆಯೇ ಎಲೆಕ್ಟ್ರೋಡ್ ಕೂರಿಸಿ ಕರೆಂಟು ಕೊಡುವ ಸಂಶೋಧನೆ ಅಮೆರಿಕದ ಲೂಯಿವಿಲ್ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದಿದೆ, ಕೆಲವರು ಹೆಜ್ಜೆ ಹಾಕಿದ್ದೂ ನಿಜ. ಅದು ಬೇರೆ ದಾರಿ, ಶಸ್ತ್ರಚಿಕಿತ್ಸೆಯ ದಾರಿ. ಪತ್ರಿಕೆಯಲ್ಲಿ ಆ ಸುದ್ದಿ ಓದಿ ನಮ್ಮ ಮೇಜಿನ ಮೇಲಿನ ಪೆಟ್ಟಿಗೆಯಿಂದ ಅದನ್ನು ಬಯಸಬಾರದು.

ಇನ್ನೊಂದು ಚಿತ್ರವನ್ನು ಮಾತ್ರ ನಾನು ಸಂತೋಷದಿಂದ ತೋರಿಸುತ್ತೇನೆ. 2016ರ ಅಕ್ಟೋಬರ್ 8ರಂದು ಜ್ಯೂರಿಕ್ ಹತ್ತಿರದ ಕ್ಲೋಟೆನ್‌ನಲ್ಲಿ ಸೈಬಾಥ್ಲಾನ್ ಎಂಬ ಕೂಟ ಮೊದಲ ಬಾರಿಗೆ ನಡೆಯಿತು. ಅದರಲ್ಲಿ ಒಂದು ಪಂದ್ಯ ಕಾಲಿನ ಸ್ವಾಧೀನ ಇಲ್ಲದವರ ಸೈಕಲ್ ಓಟ. ಮೋಟಾರು ಇಲ್ಲ, ಕೈಯ ಸಹಾಯವಿಲ್ಲ, ಕರೆಂಟಿಗೆ ಓಗೊಡುವ ಕಾಲಷ್ಟೇ. ದೂರ 750 ಮೀಟರ್. ಅಮೆರಿಕದ ಕ್ಲೀವ್‌ಲೆಂಡ್ ತಂಡದ ಮಾರ್ಕ್ ಮ್ಯೂನ್ ಸುಮಾರು 3 ನಿಮಿಷದಲ್ಲಿ ಮುಗಿಸಿ ಗೆದ್ದರು. ಅವರ ಎಲೆಕ್ಟ್ರೋಡ್‌ಗಳನ್ನು ಚರ್ಮದೊಳಗೇ ಕೂರಿಸಿದ್ದರು. ನಡುವಯಸ್ಸು ದಾಟಿದ ಮನುಷ್ಯ. ಪಂದ್ಯಕ್ಕೆ ಮುಂಚೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಕ್ರೀಡಾಪಟು ಅವರು. ಇಂಗ್ಲೆಂಡಿನಲ್ಲಿ ಮತ್ತು ಬಾಸ್ಟನ್ನಿನಲ್ಲಿ ಇದೇ ಕರೆಂಟಿನಿಂದ ದೋಣಿಗೆ ಹುಟ್ಟು ಹಾಕಿದಂತೆ ಎಳೆಯುವ ಯಂತ್ರವನ್ನೂ ಓಡಿಸುತ್ತಾರೆ. ಕಾಲು ಕರೆಂಟಿಗೆ ಒತ್ತುತ್ತದೆ, ಕೈ ತನ್ನಿಚ್ಛೆಯಿಂದ ಎಳೆಯುತ್ತದೆ, ಎರಡೂ ಸೇರಿ ಹೃದಯಕ್ಕೆ ಸೈಕಲಿಗಿಂತ ಹೆಚ್ಚಿನ ಕೆಲಸ.

ಈಗ ನಮ್ಮ ಮಾತಿಗೆ ಬರೋಣ. ಅಂಥ ಸೈಕಲ್ಲಿಗೆ ಲಕ್ಷಗಟ್ಟಲೆ ಹಣ. ಮರದಿಂದ ಬಿದ್ದವರ, ಕಟ್ಟಡದ ಸಾರುವೆಯಿಂದ ಬಿದ್ದವರ, ಬೈಕು ಮಗುಚಿದವರ ಮನೆಯಲ್ಲಿ ಅಷ್ಟು ಹಣ ಎಲ್ಲಿರುತ್ತದೆ? ಹಾಗೆಂದು ಸುಮ್ಮನಾಗಬೇಕಿಲ್ಲ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿದ್ದ ಗ್ಯಾರಿ ಡಡ್ಲಿ ಬಹಳ ಸರಳವಾದ ಒಂದು ದಾರಿ ತೋರಿಸಿದರು. ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮುಂಭಾಗಕ್ಕೆ ಕರೆಂಟು ಕೊಟ್ಟು, ಮಂಡಿ ನೆಟ್ಟಗಾಗುವಂತೆ ಮಾಡುವುದು. ಹತ್ತು ಸಲ ಎತ್ತಿಸಿ ಇಳಿಸಿದರೆ ಒಂದು ಸುತ್ತು, ನಾಲ್ಕು ಸುತ್ತು ಒಂದು ದಿನಕ್ಕೆ, ವಾರಕ್ಕೆ ಎರಡೇ ದಿನ. ಸಲೀಸಾಗಿ ಎತ್ತತೊಡಗಿದ ಮೇಲೆ ಪಾದದ ಗಂಟಿಗೆ ಸ್ವಲ್ಪ ಸ್ವಲ್ಪ ತೂಕ ಕಟ್ಟುತ್ತ ಹೋಗುವುದು. 2005ರಲ್ಲಿ ಪ್ರಕಟವಾದ ಅಲ್ಲಿನ ಒಂದು ಸಣ್ಣ ಅಧ್ಯಯನದಲ್ಲಿ ಐದು ಜನ ಹನ್ನೆರಡು ವಾರ ಹೀಗೆ ಮಾಡಿದರು. ತೊಡೆಯ ಮುಂಭಾಗದ ಸ್ನಾಯು ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳೆಯಿತು. ಐದೇ ಜನ, ನೆನಪಿರಲಿ. ಆದರೂ ಅಮೆರಿಕದ ರಿಚ್ಮಂಡ್‌ನಲ್ಲಿ ಅಶ್ರಫ್ ಗೋರ್ಗಿ ಮುಂತಾದವರು ಈ ದಾರಿಯನ್ನೇ ಮುಂದುವರಿಸಿದ್ದಾರೆ, ಫಲವೂ ಆ ಕಡೆಗೇ ಇದೆ. ಇದಕ್ಕೆ ಬೇಕಾದ್ದು ಒಂದು ಸಾಧಾರಣ ಸ್ಟಿಮ್ಯುಲೇಟರ್, ನಾಲ್ಕು ಪ್ಯಾಡ್, ಒಂದು ಮರಳಿನ ಚೀಲ, ಸರಿಯಾಗಿ ಕಲಿಸಿಕೊಡುವ ಫಿಸಿಯೋಥೆರಪಿಸ್ಟ್. ಸೈಕಲ್ಲಿನಷ್ಟು ಹೃದಯಕ್ಕೆ ಒದಗದು. ಸ್ನಾಯುವಿಗೆ, ಸಕ್ಕರೆಗೆ ಒದಗುತ್ತದೆ.

ಆರಂಭಿಸುವ ಮುಂಚೆ ಮೋಟಾರು ಉಳಿದಿದೆಯೇ ಎಂದು ನೋಡಬೇಕು. ಇಲ್ಲಿ ಒಂದು ಕಹಿ ಸತ್ಯ ಹೇಳಬೇಕಾಗಿದೆ. ಎತ್ತರದಿಂದ ಬಿದ್ದಾಗ ಬೆನ್ನುಮೂಳೆ ಮುರಿಯುವುದು ಹೆಚ್ಚಾಗಿ ಎದೆಬೆನ್ನು ಮುಗಿದು ಸೊಂಟ ಶುರುವಾಗುವ ಸಂದಿನಲ್ಲಿ. ಬೆನ್ನುಹುರಿ ಮುಗಿಯುವುದೂ ಅಲ್ಲೇ. ಅಲ್ಲಿ ಪೆಟ್ಟಾದರೆ ಕಾಲಿಗೆ ಹೋಗುವ ನರಗಳ ಬೇರೇ ಜಜ್ಜಿಹೋಗಬಹುದು, ಅಂದರೆ ಮೋಟಾರೇ ಸುಟ್ಟಹಾಗೆ. ಕಾಲು ಸೆಟೆಯುವುದಿಲ್ಲ, ಬಟ್ಟೆಯ ಹಾಗೆ ಮೆತ್ತಗಿರುತ್ತದೆ. ಅಂಥ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತೆರಡು ವರ್ಷ, ತೆಂಗಿನ ಮರದಿಂದ ಬಿದ್ದವನು. ಪ್ಯಾಡ್ ಇಟ್ಟೆ, ಗುಂಡಿ ತಿರುಗಿಸಿದೆ, ಜಾಗ ಬದಲಿಸಿದೆ. ತೊಡೆ ಮಿಸುಕಲಿಲ್ಲ. ಅವನ ಅಮ್ಮ "ಇನ್ನೂ ಸ್ವಲ್ಪ ಜಾಸ್ತಿ ಇಡಿ ಅಮ್ಮಾ" ಎಂದು ಎರಡು ಸಲ ಕೇಳಿದರು. ಹೆಚ್ಚಿಸಿದರೆ ಚರ್ಮ ಸುಡುತ್ತದೆ, ಅಷ್ಟೇ. ವಿಯೆನ್ನಾದಲ್ಲಿ ಹೆಲ್ಮುಟ್ ಕೆರ್ನ್ ಮತ್ತು ಸಂಗಡಿಗರು ಇಂಥ ಸ್ನಾಯುಗಳಿಗೆ ನೂರಾರು ಪಟ್ಟು ಉದ್ದದ ಮಿಡಿತ ಕೊಟ್ಟು, ದೊಡ್ಡ ಎಲೆಕ್ಟ್ರೋಡ್ ಬಳಸಿ, ನರವಿಲ್ಲದ ಸ್ನಾಯುವನ್ನೇ ನೇರವಾಗಿ ಎಬ್ಬಿಸಿದ್ದಾರೆ. ಅದಕ್ಕೆ ಬೇರೆಯೇ ಯಂತ್ರ, ವರ್ಷಗಟ್ಟಲೆ ದಿನದಿನದ ಶ್ರಮ ಬೇಕು. ನನ್ನ ಮೇಜಿನ ಮೇಲೆ ಅದಿರಲಿಲ್ಲ. ಆ ಹುಡುಗನಿಗೆ ತೋಳಿನ ವ್ಯಾಯಾಮ ಕಲಿಸಿದೆ. ಭುಜ ಕಾಪಾಡಿಕೊಳ್ಳುವುದನ್ನು, ಕೂತಲ್ಲಿಂದಲೇ ಕೈಯೂರಿ ಮೈ ಎತ್ತಿ ಪೃಷ್ಠಕ್ಕೆ ಗಾಳಿಯಾಡಿಸುವುದನ್ನು ಕಲಿಸಿದೆ. ಅವನು ಈಗ ಗಾಲಿಕುರ್ಚಿಯನ್ನು ನನಗೆ ಭಯವಾಗುವಷ್ಟು ಜೋರಾಗಿ ಓಡಿಸುತ್ತಾನೆ.

ಎಚ್ಚರಿಕೆಯ ಮಾತುಗಳಿವೆ. ಮೂಳೆ ಎಷ್ಟು ಗಟ್ಟಿಯಿದೆ ಎಂದು ನೋಡದೆ ತೂಕ ಕಟ್ಟಬಾರದು. ಪೆಟ್ಟಾಗಿ ವರ್ಷಗಳು ಕಳೆದಿದ್ದರಂತೂ ಎಕ್ಸ್‌ರೇ, ಸಾಧ್ಯವಾದರೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಮೊದಲು. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗದು, ಆದ್ದರಿಂದ ಒಣಗಿದ ಪ್ಯಾಡ್ ಎಸೆಯಿರಿ, ತೆಗೆದ ಮೇಲೆ ಚರ್ಮ ನೋಡಿ. ಎದೆಬೆನ್ನಿನ ಆರನೆಯ ಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಒಂದು ಅಪಾಯವಿದೆ: ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿಬಿಡುವುದು. ತಲೆ ಸಿಡಿದಂತೆ ನೋವು, ಮುಖ ಕೆಂಪು, ಪೆಟ್ಟಿನ ಮಟ್ಟಕ್ಕಿಂತ ಮೇಲೆ ಬೆವರು. ಕಂಡ ತಕ್ಷಣ ಯಂತ್ರ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿಕೊಂಡಿದೆಯೇ ನೋಡಿ, ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಟಿ.ವಿ.ಯಲ್ಲಿ ಹೊಟ್ಟೆ ಕರಗಿಸಲು ಮಾರುವ ಕರೆಂಟಿನ ಬೆಲ್ಟುಗಳನ್ನು ಇದಕ್ಕೆ ಬಳಸಬೇಡಿ.

ತೀರ್ಥಹಳ್ಳಿಯವರಿಗೆ ಒಂದು ತಿಂಗಳು ನಮ್ಮಲ್ಲೇ ಕಲಿಸಿದೆವು. ನಿಜವಾಗಿ ಕಲಿತದ್ದು ಅವರ ಹೆಂಡತಿ. ಪ್ಯಾಡ್ ಇಡಬೇಕಾದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಕೊಂಡರು. ಯಂತ್ರದ ಅಂಕಿಗಳನ್ನು ಮಗಳ ಹಳೆಯ ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಬರೆದರು. ಮೂರು ತಿಂಗಳ ಮೇಲೆ ತೋರಿಸಲು ಬಂದಾಗ ಟೇಪು ಹಿಡಿದೆ. ತೊಡೆ ತುಂಬಿಕೊಂಡಿತ್ತು. ಹಿಂದೆ ಕೂತಲ್ಲಿ ಕೆಂಪಗಾಗುತ್ತಿದ್ದ ಚರ್ಮ ತಿಳಿಯಾಗಿತ್ತು. ರಾತ್ರಿ ಕಾಲು ಸೆಟೆಯುವುದು ಕಡಿಮೆಯಾಗಿ ಇಬ್ಬರಿಗೂ ನಿದ್ದೆ ಬರುತ್ತಿತ್ತು. "ಕಾಲು ಬರ್ತದಾ" ಎಂದು ಆ ದಿನ ಅವರು ಕೇಳಲಿಲ್ಲ. ಮರಳಿನ ಚೀಲ ಇನ್ನು ಎಷ್ಟು ಭಾರ ಮಾಡಬಹುದು ಎಂದು ಕೇಳಿದರು.

ಅವರ ಮನೆಯಲ್ಲಿ ಭದ್ರಾವತಿ ಆಕಾಶವಾಣಿ ಬೆಳಗಿನಿಂದಲೂ ಹಾಡುತ್ತಿರುತ್ತದೆ. ಗಡಿಯಾರ ನೋಡುವ ಬದಲು ರೇಡಿಯೋದಿಂದಲೇ ಹೊತ್ತು ಅಳೆಯುತ್ತಾರಂತೆ, ವಾರ್ತೆ ಮುಗಿಯುವಷ್ಟರಲ್ಲಿ ಬಲಗಾಲು, ಆಮೇಲಿನ ಹಾಡುಗಳಿಗೆ ಎಡಗಾಲು. ಈ ಮಾತು ಬಿತ್ತರವಾಗುವ ಹೊತ್ತಿಗೆ ಎಡಗಾಲಿನ ಮೂರನೆಯ ಸುತ್ತು ನಡೆದಿರಬಹುದು. ಅಕ್ಕಾ, ಪ್ಯಾಡ್ ತೆಗೆದ ಮೇಲೆ ಚರ್ಮ ನೋಡುವುದನ್ನು ಮರೆಯಬೇಡಿ.